ವೇದಿಕೆ ತೆಗೆದು ಮೇಜು ಹಾಕಿದೆವು

ಮಹಿಳಾ ಉದ್ಯಮಿಗಳಿಗಾಗಿ ನಾನು ಮಾಡಿದ ಮೊದಲ ಕಾರ್ಯಕ್ರಮಕ್ಕೆ 120 ಕುರ್ಚಿ ಹಾಕಿಸಿದ್ದೆ. ಎಲ್ಲ ಕುರ್ಚಿಯೂ ತುಂಬಿದವು. ದೊಡ್ಡ ಉದ್ಯಮ ಕಟ್ಟಿದವರೊಬ್ಬರು ಎರಡು ಗಂಟೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಜನ ಚಪ್ಪಾಳೆ ಹೊಡೆದರು, ಫೋಟೊ ತೆಗೆಸಿಕೊಂಡರು. ಸಭಾಂಗಣದ ಹಿಂಭಾಗದಲ್ಲಿ, ಗೋಡೆಗೆ ಒತ್ತಿ, ಎಂಟು ಮೇಜು ಇಟ್ಟಿದ್ದೆವು. ಸಾಬೂನು, ಬಟ್ಟೆ ಚೀಲ, ಮಣಿ ಸರ, ಮೇಣದಬತ್ತಿ, ಎಲ್ಲ ಸುತ್ತಮುತ್ತಲಿನ ಹೆಣ್ಣುಮಕ್ಕಳು ಮನೆಯಲ್ಲೇ ಮಾಡಿದ್ದು. ಭಾಷಣ ಮುಗಿದ ಕೂಡಲೇ ಜನ ಬಾಗಿಲ ಕಡೆ ಹೊರಟರು. ಮೇಜಿನ ಹತ್ತಿರ ನಿಂತವರು ಬೆರಳೆಣಿಕೆಯಷ್ಟು.

ಸಾಮಾನು ಕಟ್ಟಿಕೊಳ್ಳುತ್ತಾ ಚೀಲ ಹೊಲಿಯುವ ಅಕ್ಕ ನನ್ನನ್ನು ಕೇಳಿದರು, "ಮೇಡಂ, ಅವರು ಹೇಳಿದ್ದೆಲ್ಲ ಚೆನ್ನಾಗಿತ್ತು. ಆದ್ರೆ ನಾಳೆ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಯಾರಿಗೋಸ್ಕರ ಕಾರ್ಯಕ್ರಮ ಮಾಡಿದೆನೋ ಅವರನ್ನೇ ಹಿಂದಿನ ಗೋಡೆಗೆ ನಿಲ್ಲಿಸಿದ್ದೆ.

ಮುಂದಿನ ಎರಡು ತಿಂಗಳು ಯಾವ ಕಾರ್ಯಕ್ರಮವನ್ನೂ ಮಾಡಲಿಲ್ಲ. ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋದೆ. ಮೂರೇ ಪ್ರಶ್ನೆ ಕೇಳುತ್ತಿದ್ದೆ. ಏನು ಮಾಡ್ತೀರಿ? ಕೊನೆಯದಾಗಿ ಕೊಂಡವರು ಯಾರು? ಬಂದ ದುಡ್ಡು ಎಲ್ಲಿಗೆ ಹೋಯ್ತು? ನಾಲ್ಕು ಬೀದಿಯಲ್ಲಿ 23 ಮಂದಿ ಸಿಕ್ಕರು. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಒಬ್ಬರಿಗೊಬ್ಬರ ಪರಿಚಯವೇ ಇರಲಿಲ್ಲ. ಒಬ್ಬರು ಹೊಲಿಗೆ ಆರ್ಡರ್ ಮುಗಿಸಲಾಗದೆ ವಾಪಸ್ ಕಳಿಸುತ್ತಿದ್ದರು. ಎರಡು ಬೀದಿ ಆಚೆ ಇನ್ನೊಬ್ಬರ ಮೆಷಿನ್ ಕೆಲಸವಿಲ್ಲದೆ ಮೂಲೆಯಲ್ಲಿ ನಿಂತಿತ್ತು. ಇಬ್ಬರನ್ನೂ ಸೇರಿಸಲು ಭಾಷಣ ಬೇಕಾಗಲಿಲ್ಲ, ಒಂದು ಫೋನ್ ನಂಬರ್ ಸಾಕಾಯಿತು. ಈಗ ಯಾರಾದರೂ ಕಾರ್ಯಕ್ರಮ ಮಾಡಬೇಕು ಅಂತ ನನ್ನ ಹತ್ತಿರ ಬಂದರೆ, ಮೊದಲು ನೋಟ್‌ಬುಕ್ ಹಿಡಿದು ಒಂದು ಸುತ್ತು ಹೋಗಿಬನ್ನಿ ಅನ್ನುತ್ತೇನೆ.

ಎರಡನೇ ಸಲ ವೇದಿಕೆಯನ್ನೇ ತೆಗೆದೆವು. ಮೇಜುಗಳನ್ನು ಸಭಾಂಗಣದ ನಡುವೆ ತಂದೆವು. ಬಾಗಿಲಿಂದ ಬಂದವರು ಎಲ್ಲ ಮೇಜು ದಾಟಿಯೇ ಹೊರಗೆ ಹೋಗುವ ಹಾಗೆ ದಾರಿ ಮಾಡಿದೆವು. ಮೇಜಿನ ಮೇಲೆ ಹರಡಿದ್ದು ದೂರಕ್ಕೆ ಕಾಣುವುದಿಲ್ಲ ಅಂತ ಖಾಲಿ ಪೆಟ್ಟಿಗೆ ಇಟ್ಟು, ಬಟ್ಟೆ ಹೊದಿಸಿ, ಸಾಮಾನನ್ನು ಕಣ್ಣಿನ ಮಟ್ಟಕ್ಕೆ ಏರಿಸಿದೆವು. ಪ್ರತಿಯೊಂದಕ್ಕೂ ಬೆಲೆಯ ಚೀಟಿ ಕಡ್ಡಾಯ ಮಾಡಿದೆವು. ಚೀಟಿ ಇಲ್ಲದಿದ್ದರೆ ಎಷ್ಟು ಅಂತ ಕೇಳಲು ಕೊಳ್ಳುವವರಿಗೂ ಸಂಕೋಚ, ಹೇಳಲು ಮಾರುವವರಿಗೂ ಸಂಕೋಚ. ಇಬ್ಬರೂ ಮುಖ ಮುಖ ನೋಡಿಕೊಂಡು ಸುಮ್ಮನಾಗುತ್ತಾರೆ.

ದಿನವನ್ನೂ ಬದಲಿಸಿದೆವು. ಮೊದಲನೆಯದು ಮಾರ್ಚ್ 8ರಂದು ನಡೆದಿತ್ತು. ಆ ದಿನ ಎಲ್ಲ ಕಡೆ ಮಹಿಳಾ ದಿನಾಚರಣೆ ಇರುತ್ತದೆ, ಕೊಳ್ಳುವವರು ಹಂಚಿ ಹೋಗುತ್ತಾರೆ. 2014ರಿಂದ ನವೆಂಬರ್ 19ನ್ನು ಮಹಿಳಾ ಉದ್ಯಮಶೀಲತಾ ದಿನ ಅಂತಲೂ ಆಚರಿಸುತ್ತಾರೆ. ನಮಗೆ ಇಂಥ ಯಾವ ದಿನದ ನೆಪವೂ ಬೇಡವಾಯಿತು. ಭಾನುವಾರ, ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಅಂತ ಇಟ್ಟುಕೊಂಡೆವು. ನಡೆದುಕೊಂಡೇ ಬರಬಹುದಾದ ಜಾಗ ಹುಡುಕಿದೆವು. ಒಂದು ಮೂಲೆಯಲ್ಲಿ ಚಾಪೆ ಹಾಸಿ ಮಕ್ಕಳಿಗೆ ಬಣ್ಣ, ಕಾಗದ ಇಟ್ಟೆವು. ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು ನೋಡಿಕೊಂಡರು. ಮಗುವನ್ನು ಯಾರ ಹತ್ತಿರ ಬಿಟ್ಟು ಬರಲಿ ಅಂತ ಕೂತಿದ್ದ ಐದು ಮಂದಿ ಬಂದದ್ದು ಆ ಚಾಪೆ ಇದ್ದದ್ದರಿಂದ. ಕಾರ್ಯಕ್ರಮದ ಖರ್ಚಿನಲ್ಲಿ ಅಷ್ಟು ಕಡಿಮೆ ಹಣಕ್ಕೆ ಅಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ.

ತಪ್ಪುಗಳೂ ಆದವು. ಮೇಜು ಉಚಿತ ಅಂದಿದ್ದೆವು. ಹೆಸರು ಕೊಟ್ಟವರಲ್ಲಿ ಆರು ಮಂದಿ ಬರಲೇ ಇಲ್ಲ, ಜಾಗ ಖಾಲಿ ಉಳಿಯಿತು, ಕೇಳಿ ಕೇಳಿ ಜಾಗ ಸಿಗದವರು ಮನೆಯಲ್ಲಿದ್ದರು. ಆಮೇಲಿನಿಂದ ಸಣ್ಣ ಮೊತ್ತ ಠೇವಣಿ ತೆಗೆದುಕೊಂಡು, ಬಂದ ದಿನವೇ ಕೈಗೆ ವಾಪಸ್ ಕೊಡುತ್ತೇವೆ. ಹೆಸರು ಕೊಟ್ಟು ಬರದೇ ಇರುವವರು ಈಗ ಅಪರೂಪ. ಇನ್ನೊಂದು, ಯಾರು ಏನು ಮಾರುತ್ತಾರೆ ಅಂತ ನೋಡದೆ ಜಾಗ ಕೊಟ್ಟು ಮಣಿ ಸರದ ಮೇಜೇ ಆರು ಆಗಿಬಿಟ್ಟವು. ಆರು ಮಂದಿಗೂ ಸರಿಯಾಗಿ ವ್ಯಾಪಾರ ಆಗಲಿಲ್ಲ, ಒಬ್ಬರನ್ನು ನೋಡಿ ಒಬ್ಬರು ಬೆಲೆ ಇಳಿಸಿದರು. ಸಂಜೆ ಅವರ ಮುಖ ನೋಡಲು ನನಗೆ ಕಷ್ಟವಾಯಿತು. ಅದು ಪೂರ್ತಿ ನನ್ನ ತಪ್ಪು. ಒಂದೇ ಬಗೆಯ ಸಾಮಾನಿಗೆ ಎರಡು ಮೇಜು, ಅದಕ್ಕಿಂತ ಜಾಸ್ತಿ ಇಲ್ಲ ಅನ್ನುವ ನಿಯಮ ಹುಟ್ಟಿದ್ದು ಆ ದಿನ.

ಲೆಕ್ಕದ ಮೇಜಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದ ಒಬ್ಬರನ್ನು ಕೂರಿಸಿ, ಯಾರು ಬೇಕಾದರೂ ಬಂದು ಬೆಲೆ ಲೆಕ್ಕ ಹಾಕಿಸಿಕೊಳ್ಳಬಹುದು ಅಂದೆವು. ಮೊದಲು ಬಂದವರು ಅದೇ ಚೀಲದ ಅಕ್ಕ. ಕಾಗದದಲ್ಲಿ ಗೆರೆ ಎಳೆದು ಬರೆದರು. ಬಟ್ಟೆ ಇಷ್ಟು. ದಾರ, ಝಿಪ್ ಇಷ್ಟು. ಬಟ್ಟೆ ತರಲು ಹೋಗಿಬಂದ ಬಸ್ಸಿನ ಖರ್ಚು ಇಷ್ಟು. ಕರೆಂಟು ಇಷ್ಟು. ಕತ್ತರಿಸುವಾಗ ಹಾಳಾಗುವುದು ಇಷ್ಟು. ಕೊನೆಯ ಸಾಲಿನಲ್ಲಿ 'ನಿಮ್ಮ ಸಮಯ' ಅಂತಿತ್ತು. ಅಲ್ಲಿಗೆ ಬಂದು ಪೆನ್ನು ನಿಂತಿತು.

"ಅದಕ್ಕೇನು ಬರೆಯೋದು? ನಾನು ಮನೇಲೇ ಇರ್ತೀನಲ್ಲ," ಅಂದರು.

ಆ ಹಿರಿಯರು ಮಾತಾಡಲಿಲ್ಲ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, "ಒಂದು ಚೀಲ ಹೊಲೀರಮ್ಮಾ, ನೋಡೋಣ" ಅಂದರು. ಕತ್ತರಿಸಿದ ಬಟ್ಟೆ ಜೊತೆಗೇ ಇತ್ತು. ಪಕ್ಕದ ಮೇಜಿನವರ ಮೆಷಿನ್ ಕೇಳಿ ಪಡೆದರು. ಹೊಲಿದು, ಒಳಬದಿಗೆ ಪಟ್ಟಿ ಕೊಟ್ಟು, ಹಿಡಿಕೆ ಕೂರಿಸಿ, ದಾರದ ತುದಿ ಕತ್ತರಿಸಿ ಮುಗಿಸುವಾಗ 1 ಗಂಟೆ 40 ನಿಮಿಷ. ಅಕ್ಕ ಗಡಿಯಾರವನ್ನೇ ನೋಡುತ್ತಾ ಕೂತರು. ಇಷ್ಟು ದಿನ ಮಾರಿದ ಬೆಲೆಯಲ್ಲಿ ಸಾಮಾನಿನ ಖರ್ಚು ಕಳೆದರೆ ಆ 1 ಗಂಟೆ 40 ನಿಮಿಷಕ್ಕೆ ಉಳಿಯುತ್ತಿದ್ದದ್ದು ಒಂದು ದಾರದ ಉಂಡೆಯ ಬೆಲೆಯೂ ಅಲ್ಲ. ಆಮೇಲೆ ಅವರೇ ಬೆಲೆಯ ಚೀಟಿ ತೆಗೆದು, ಹಳೇ ಅಂಕಿ ಹೊಡೆದು, ಹೊಸದು ಬರೆದರು. ಕೈ ನಡುಗುತ್ತಿತ್ತು. ಬೆಲೆ ಬಾಯಿಬಿಟ್ಟು ಹೇಳಲು ಅವರಿಗೆ ಇನ್ನೂ ಮೂರು ಗಿರಾಕಿಗಳು ಬೇಕಾದವು. ಮೊದಲ ಇಬ್ಬರು ಹಾಗೇ ಹೋದರು. ಮೂರನೆಯವರು ಚೌಕಾಸಿ ಮಾಡದೆ ಎರಡು ಚೀಲ ಕೊಂಡರು.

ಅವತ್ತಿನಿಂದ ನಮ್ಮ ಎಲ್ಲ ಕಾರ್ಯಕ್ರಮದಲ್ಲೂ ಒಂದು ಗಡಿಯಾರ ಇರುತ್ತದೆ.

ದುಡ್ಡಿನ ವಿಷಯದಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಎಲ್ಲ ಮೇಜಿನ ಮೇಲೂ ಕ್ಯೂಆರ್ ಕೋಡ್ ಇಟ್ಟಿದ್ದರು. ಸ್ಕ್ಯಾನ್ ಮಾಡಿದರೆ ಬರುತ್ತಿದ್ದ ಹೆಸರು ಗಂಡನದ್ದು, ಮಗನದ್ದು, ಮೈದುನನದ್ದು. ಸಂಜೆ ಎಷ್ಟು ವ್ಯಾಪಾರ ಆಯ್ತು ಅಂತ ಕೇಳಿದರೆ, "ಅವರನ್ನ ಕೇಳಿ ಹೇಳ್ತೀನಿ" ಅಂದವರಿದ್ದರು. ಮನೆಯವರು ಕೆಟ್ಟವರು ಅಂತಲ್ಲ. ಆದರೆ ವ್ಯಾಪಾರದ ದಾಖಲೆ ತನ್ನ ಹೆಸರಿನಲ್ಲಿ ಇಲ್ಲದಿದ್ದರೆ ನಾಳೆ ಸಾಲ ಕೇಳಲು ಹೋದಾಗ ತೋರಿಸಲು ಏನೂ ಇರುವುದಿಲ್ಲ, ಅಲ್ವಾ? ಇದು ನಮ್ಮಲ್ಲಿ ಮಾತ್ರ ಇರುವ ಕಥೆಯೂ ಅಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ವ್ಯಾಪಾರಕ್ಕೆ ಸಾಲ ಬೇಕೆಂದರೆ ಹೆಣ್ಣುಮಗಳ ಜೊತೆ ಗಂಡನೋ ತಂದೆಯೋ ಸಹಿ ಹಾಕಬೇಕಿತ್ತು. 1988ರಲ್ಲಿ ಕಾನೂನು ಬಂದ ಮೇಲೆ ಅದು ನಿಂತಿತು. ಮೂರನೇ ಕಾರ್ಯಕ್ರಮಕ್ಕೆ ಒಂದು ತಿಂಗಳು ಮುಂಚೆಯೇ ಎಲ್ಲರನ್ನೂ ಕೂರಿಸಿ, ಅವರವರ ಹೆಸರಿನಲ್ಲೇ ಖಾತೆ ಮಾಡಿಸಿದೆವು. 11 ಮಂದಿಗೆ ಅದು ಜೀವನದ ಮೊದಲ ಸ್ವಂತ ಖಾತೆ. ದುಡ್ಡು ಬಂದಾಗ ಫೋನ್ ಸದ್ದು ಮಾಡುತ್ತದಲ್ಲ, ಆ ಸದ್ದಿಗೆ ಪ್ರತಿ ಸಲವೂ ಒಬ್ಬರು ಎದ್ದು ನಿಲ್ಲುತ್ತಿದ್ದರು.

ಭಾಷಣ ಪೂರ್ತಿ ಬಿಟ್ಟೆವು ಅಂತಲ್ಲ. 12 ನಿಮಿಷ ಇಟ್ಟುಕೊಂಡಿದ್ದೇವೆ. ಮಾತಾಡುವವರು ಕೆಲಸ ಶುರು ಮಾಡಿ ಎರಡು ಮೂರು ವರ್ಷ ಆಗಿರಬೇಕು, ಇಪ್ಪತ್ತು ವರ್ಷ ಆಗಿರಬಾರದು. ಬರುವಾಗ ತಮ್ಮ ಲೆಕ್ಕದ ಪುಸ್ತಕ ತರಬೇಕು. ನಷ್ಟವಾದ ಒಂದು ತಿಂಗಳ ಪುಟ ತೆಗೆದು ತೋರಿಸಬೇಕು. ತುಂಬಾ ಎತ್ತರಕ್ಕೆ ಹೋದವರನ್ನು ನೋಡಿ ಕೈಮುಗಿಯುತ್ತೇವೆ. ಒಂದೇ ಮೆಟ್ಟಿಲು ಮೇಲಿರುವವರನ್ನು ನೋಡಿದರೆ ಕಾಲು ತಾನಾಗಿ ಏಳುತ್ತದೆ. ಸಾಬೂನು ಮಾಡುವವರೊಬ್ಬರು ತಮ್ಮ ಒಂದು ಬ್ಯಾಚ್ ಗಟ್ಟಿಯಾಗದೆ ಪೂರ್ತಿ ಎಸೆದ ಕಥೆ ಹೇಳಿದ ದಿನ, ಪ್ರಶ್ನೆ ಕೇಳಲು ಎದ್ದ ಕೈಗಳನ್ನು ಇಳಿಸುವುದೇ ಕಷ್ಟವಾಯಿತು.

ಯಾರ ಹೆಸರನ್ನು ಎಲ್ಲರ ಮುಂದೆ ಹೇಳಬೇಕು ಅನ್ನುವ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಅಮೆರಿಕದ ಉದ್ಯಮಿ ಮೇಡಂ ಸಿ. ಜೆ. ವಾಕರ್. 1867ರಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು, ವರ್ಷಗಟ್ಟಲೆ ಬೇರೆಯವರ ಬಟ್ಟೆ ಒಗೆದು ಬದುಕಿದವರು. ಆಮೇಲೆ ಕೂದಲಿನ ಆರೈಕೆಯ ಸಾಮಾನು ತಯಾರಿಸಿ, ಮಾರಲು ಸಾವಿರಾರು ಹೆಣ್ಣುಮಕ್ಕಳನ್ನು ತಯಾರು ಮಾಡಿದರು. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರನ್ನೆಲ್ಲ ಸಮಾವೇಶಕ್ಕೆ ಕರೆದರು. ಸುಮಾರು 200 ಮಂದಿ ಬಂದರು. ಜಾಸ್ತಿ ಮಾರಿದವರಿಗೆ ಬಹುಮಾನ ಕೊಟ್ಟರು, ತಮ್ಮ ಊರಿನ ಒಳ್ಳೆಯ ಕೆಲಸಕ್ಕೆ ಜಾಸ್ತಿ ಕೊಟ್ಟವರಿಗೂ ಬಹುಮಾನ ಕೊಟ್ಟರು. ಅದನ್ನು ಓದಿದ ಮೇಲೆ ನಾವೂ ಜಾಸ್ತಿ ವ್ಯಾಪಾರ ಮಾಡಿದವರ ಹೆಸರಿನ ಜೊತೆಗೆ, ಬೇರೆಯವರಿಗೆ ಕೆಲಸ ಕಲಿಸಿದವರ ಹೆಸರನ್ನೂ ಕೂಗಿ ಹೇಳಲು ಶುರು ಮಾಡಿದೆವು. ಆ ಹೆಸರಿಗೆ ಬೀಳುವ ಚಪ್ಪಾಳೆಯೇ ಜೋರು.

ಬಾಗಿಲ ಪಕ್ಕ ಒಂದು ಬೋರ್ಡ್ ಇಡುತ್ತೇವೆ. ಒಂದು ಕಡೆ 'ನನಗೆ ಬೇಕು', ಇನ್ನೊಂದು ಕಡೆ 'ನಾನು ಕೊಡಬಲ್ಲೆ'. ಪ್ರತಿಯೊಬ್ಬರೂ ಎರಡೂ ಕಡೆ ಒಂದೊಂದು ಸಾಲು ಬರೆಯಬೇಕು. ಐದು ಮಂದಿ ಬೇರೆ ಬೇರೆಯಾಗಿ 'ಸಣ್ಣ ಪೆಟ್ಟಿಗೆಗಳು ಬೇಕು' ಅಂತ ಬರೆದಿದ್ದರು. ತಯಾರಿಸುವವರು 500ಕ್ಕಿಂತ ಕಡಿಮೆ ಕೊಡುವುದಿಲ್ಲ, ಒಬ್ಬೊಬ್ಬರಿಗೆ 100 ಸಾಕು. ಐವರೂ ಬೋರ್ಡ್ ಮುಂದೆ ನಿಂತು ಲೆಕ್ಕ ಹಾಕಿ, ಒಂದೇ ಆರ್ಡರ್ ಕೊಟ್ಟು ಹಂಚಿಕೊಂಡರು. 'ನಾನು ಕೊಡಬಲ್ಲೆ' ಕಡೆ ಬರೆಯಲು ಮೊದಮೊದಲು ಎಲ್ಲರೂ ಹಿಂಜರಿಯುತ್ತಾರೆ, ನನ್ನ ಹತ್ತಿರ ಕೊಡೋಕೇನಿದೆ ಅನ್ನುತ್ತಾರೆ. ಒಬ್ಬರು ತುಂಬಾ ಯೋಚನೆ ಮಾಡಿ 'ಚೆನ್ನಾಗಿ ಫೋಟೊ ತೆಗೀತೀನಿ' ಅಂತ ಬರೆದರು. ಈಗ ಹತ್ತು ಮಂದಿಯ ಸಾಮಾನಿನ ಫೋಟೊ ತೆಗೆಯುವುದು ಅವರೇ, ಅದಕ್ಕೆ ದುಡ್ಡೂ ತೆಗೆದುಕೊಳ್ಳುತ್ತಾರೆ.

ಮನೆಯವರನ್ನೂ ಕರೆಯುತ್ತೇವೆ, ಒತ್ತಾಯ ಮಾಡಿಯೇ ಕರೆಯುತ್ತೇವೆ. "ಸುಮ್ನೆ ಕೂರೋ ಬದಲು ಏನೋ ಮಾಡ್ತಾಳೆ" ಅನ್ನುತ್ತಿದ್ದ ಒಬ್ಬ ಅತ್ತೆ, ಗುರುತು ಪರಿಚಯ ಇಲ್ಲದವರು ಸೊಸೆಯ ಮೇಜಿನ ಮುಂದೆ ನಿಂತು ಕೈಚೀಲದಿಂದ ದುಡ್ಡು ತೆಗೆಯುವುದನ್ನು ನೋಡಿದರು. ಅರ್ಧ ಗಂಟೆ ಬಿಟ್ಟು ನೋಡಿದರೆ ಅವರೇ ಮೇಜಿನ ಹಿಂದೆ ನಿಂತು ಕವರಿಗೆ ಸಾಮಾನು ತುಂಬುತ್ತಿದ್ದರು. ಮನೆಯಲ್ಲಿ ಹತ್ತು ಸಲ ಹೇಳಿದರೂ ಆಗದ್ದು ಆ ಅರ್ಧ ಗಂಟೆಯಲ್ಲಿ ಆಯಿತು.

ಕಾರ್ಯಕ್ರಮ ಚೆನ್ನಾಗಿ ಆಯ್ತಾ ಅಂತ ತಿಳಿಯಲು ನಾನು ಬಂದ ಜನರನ್ನು ಎಣಿಸುವುದು ಬಿಟ್ಟೆ. ಮೂರು ತಿಂಗಳು ಬಿಟ್ಟು ಎಲ್ಲರಿಗೂ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: ಅವತ್ತು ಕೊಂಡವರಲ್ಲಿ ಯಾರಾದರೂ ಮತ್ತೆ ಕೊಂಡರಾ? ಮೂರನೇ ಕಾರ್ಯಕ್ರಮದಲ್ಲಿ ಮೇಜು ಹಾಕಿದ್ದ 20 ಮಂದಿಯಲ್ಲಿ 9 ಮಂದಿ ಹೌದು ಅಂದರು. ಆ ಒಂಬತ್ತೂ ಮಂದಿ ಕೊಂಡವರ ಹೆಸರು, ನಂಬರ್ ಬರೆದಿಟ್ಟುಕೊಂಡವರು. ಉಳಿದವರಲ್ಲಿ ಇಬ್ಬರನ್ನು ಬಿಟ್ಟರೆ ಯಾರೂ ಬರೆದಿರಲಿಲ್ಲ. ಈಗ ಮೇಜಿನ ಜೊತೆ ಒಂದು ಪುಟ್ಟ ಪುಸ್ತಕ, ಪೆನ್ನು ನಾವೇ ಕೊಡುತ್ತೇವೆ. ತಿಂಗಳ ಮೂರನೇ ಶನಿವಾರ ಒಂದೂವರೆ ಗಂಟೆ ಸೇರಿ ಆ ಪುಸ್ತಕಗಳನ್ನು ಬಿಚ್ಚಿ ಮಾತಾಡುತ್ತೇವೆ. ಮಾರಾಟದ ದಿನ ವರ್ಷಕ್ಕೆ ಎರಡು ಸಲ ಬಂದು ಹೋಗುತ್ತದೆ. ಕೆಲಸ ನಿಜವಾಗಿ ಮುಂದಕ್ಕೆ ಹೋಗುವುದು ಈ ಶನಿವಾರಗಳಲ್ಲಿ.

ಇಷ್ಟಾದರೂ ಬರಲಾಗದವರಿದ್ದಾರೆ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವವರು, ಮನೆ ದಾಟಲು ಒಪ್ಪಿಗೆ ಸಿಗದವರು. ನನ್ನ ನೋಟ್‌ಬುಕ್ಕಿನಲ್ಲಿ ಅಂಥ ನಾಲ್ಕು ಹೆಸರಿವೆ, ಆ ಹೆಸರುಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರಿಗಾಗಿ ಮನೆಯಲ್ಲೇ ಸಣ್ಣ ಕೂಟ ಮಾಡುವ ಯೋಚನೆ ಬಂದದ್ದು ಅಮೆರಿಕದಲ್ಲಿ ಟಪ್ಪರ್‌ವೇರ್ ಕಂಪನಿಯ ಪ್ಲಾಸ್ಟಿಕ್ ಡಬ್ಬಗಳನ್ನು ಮನೆಕೂಟಗಳಲ್ಲಿ ಮಾರುವ ಕ್ರಮ ಬೆಳೆಸಿದ ಬ್ರೌನಿ ವೈಸ್ ಬಗ್ಗೆ ಓದಿದ ಮೇಲೆ. ಟಪ್ಪರ್‌ವೇರ್ ಡಬ್ಬದ ಮುಚ್ಚಳ ಹೇಗೆ ಮುಚ್ಚಬೇಕು ಅಂತ ಕೈಯಾರೆ ತೋರಿಸಬೇಕಿತ್ತು, ಅದಕ್ಕೇ ಅಂಗಡಿಯಲ್ಲಿ ಕೊಳ್ಳದವರು ನೆರೆಮನೆಯ ಪಡಸಾಲೆಯಲ್ಲಿ ಕೊಂಡರು. 1951ರಲ್ಲಿ ಕಂಪನಿ ಅಂಗಡಿ ಮಾರಾಟವನ್ನೇ ನಿಲ್ಲಿಸಿ ಆ ದಾರಿ ಹಿಡಿಯಿತು. 1954ರಲ್ಲಿ ವೈಸ್ ಫೋಟೊ 'ಬಿಸಿನೆಸ್ ವೀಕ್' ಪತ್ರಿಕೆಯ ಮುಖಪುಟದಲ್ಲಿ ಬಂತು, ಅಲ್ಲಿ ಬಂದ ಮೊದಲ ಹೆಣ್ಣುಮಗಳು ಅವರು. 1958ರಲ್ಲಿ ಕೆಲಸದಿಂದ ತೆಗೆದಾಗ ಕಂಪನಿಯ ಒಂದು ಷೇರೂ ಅವರ ಹೆಸರಿನಲ್ಲಿ ಇರಲಿಲ್ಲ. ಹಾಗಾಗಿ ನಮ್ಮ ಮನೆಕೂಟಕ್ಕೂ ಮೊದಲು ಖಾತೆ, ಆಮೇಲೆ ಗಿರಾಕಿ.

ಮುಂದಿನ ವಾರ ಮೊದಲ ಮನೆಕೂಟ. ತಾಯಿಯನ್ನು ನೋಡಿಕೊಳ್ಳುತ್ತಾ ಮಂಚದ ಪಕ್ಕ ಕೂತು ಕ್ರೋಶಾ ಹಾಕುವವರ ಮನೆಯಲ್ಲಿ. ಎಂಟೇ ಜನರನ್ನು ಕರೆದಿದ್ದೇವೆ, ಆ ಕೋಣೆಗೆ ಅಷ್ಟೇ ಹಿಡಿಸುತ್ತದೆ. ಬೆಲೆಯ ಚೀಟಿ ಬರೆಸಲು ಚೀಲದ ಅಕ್ಕ ನನಗಿಂತ ಒಂದು ದಿನ ಮುಂಚೆಯೇ ಅಲ್ಲಿಗೆ ಹೋಗುತ್ತಿದ್ದಾರೆ. ಗಡಿಯಾರ ಈಗಾಗಲೇ ಕೇಳಿ ತೆಗೆದುಕೊಂಡು ಹೋದರು.