ಬಂಪರಿಗೆ ಗೀರು, ಕತ್ತಿಗೆ ಕ್ಲೇಮು: ಇಂಗ್ಲೆಂಡಿನಲ್ಲಿ ಕಾರು ಓಡಿಸುವವರು ಏನು ಮಾಡಬೇಕು?

ರೌಂಡ್‌ಅಬೌಟ್‌ನ ಬಾಯಲ್ಲಿ ಮುಂದಿನ ಕಾರು ಹೊರಟಂತೆ ಮಾಡಿ ಮತ್ತೆ ನಿಂತುಬಿಡುತ್ತದೆ. ಬಲಗಡೆಯಿಂದ ಬರುವ ವಾಹನಗಳತ್ತ ಕಣ್ಣಿಟ್ಟಿದ್ದ ನೀವು ನಡಿಗೆಯ ವೇಗದಲ್ಲಿ ಹೋಗಿ ಅದಕ್ಕೆ ತಾಕಿಸುತ್ತೀರಿ. ಇಳಿದು ನೋಡಿದರೆ ನಂಬರ್ ಪ್ಲೇಟಿನ ಸ್ಕ್ರೂ ಒತ್ತಿದ ಗುರುತು ಬಿಟ್ಟು ಬೇರೇನೂ ಇಲ್ಲ. ಆ ಚಾಲಕ ‘ಪರವಾಗಿಲ್ಲ’ ಎಂದು ಹೊರಟುಹೋಗುತ್ತಾನೆ. ಆರು ವಾರ ಕಳೆದ ಮೇಲೆ ನಿಮ್ಮ ವಿಮಾ ಕಂಪನಿಯಿಂದ ಪತ್ರ ಬರುತ್ತದೆ: ಚಾಲಕನಿಗೂ ಕಾರಿನಲ್ಲಿದ್ದ ಇನ್ನಿಬ್ಬರಿಗೂ ಕತ್ತುನೋವು, ಪರಿಹಾರ ಕೇಳಿದ್ದಾರೆ. ನೀವು ನೋಡಿದಾಗ ಕಾರಿನಲ್ಲಿದ್ದದ್ದು ಒಬ್ಬನೇ.

ಕೆಲಸಕ್ಕೆಂದು ಇಂಗ್ಲೆಂಡ್, ವೇಲ್ಸ್‌ಗೆ ಹೋದ ಕನ್ನಡಿಗರು ಮೊದಲ 12 ತಿಂಗಳು ಭಾರತದ ಲೈಸೆನ್ಸ್‌ನಲ್ಲೇ ಕಾರು ಓಡಿಸಬಹುದು. ಊರಿನ ರೂಢಿಯೂ ಜತೆಗೇ ಹೋಗಿರುತ್ತದೆ. ಸಣ್ಣ ಗುದ್ದಾದರೆ ನಿಂತಲ್ಲೇ ಮಾತಾಡಿ, ಅಷ್ಟೋ ಇಷ್ಟೋ ಕೊಟ್ಟು ಮುಗಿಸುವ ರೂಢಿ ಅದು. ಅಲ್ಲಿ ಇದು ಕೆಲಸಕ್ಕೆ ಬರುವುದಿಲ್ಲ. ಗಾಯದ ಪರಿಹಾರ ಕೇಳಿ ಕೋರ್ಟಿಗೆ ಹೋಗಲು ಎದುರಿನವರಿಗೆ ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶವಿದೆ. ರಸ್ತೆಯಲ್ಲಿ ಕೊಟ್ಟ ನಗದು ಆ ಹಕ್ಕನ್ನು ಮುಗಿಸುವುದಿಲ್ಲ. ನೀವೇ ತಪ್ಪು ಒಪ್ಪಿಕೊಂಡಿರಿ ಎಂದು ತೋರಿಸಲು ಅದು ಅವರಿಗೆ ಒದಗಬಹುದು.

ನೋವು ನಿಜವೂ ಇರಬಹುದು

ಹಿಂದಿನಿಂದ ಗುದ್ದು ಬಿದ್ದಾಗ ಮೈ ಸೀಟಿನ ಜತೆ ಮುಂದಕ್ಕೆ ಹೋಗುತ್ತದೆ, ತಲೆ ಒಂದು ಗಳಿಗೆ ಹಿಂದೆ ಉಳಿದು ಆಮೇಲೆ ಚಾಟಿ ಬೀಸಿದಂತೆ ಮುಂದಕ್ಕೆ ಬರುತ್ತದೆ. ಆಗ ಕತ್ತಿನ ಸ್ನಾಯುಗಳು ಎಳೆದುಕೊಂಡು ಆಗುವ ನೋವೇ ವಿಪ್‌ಲ್ಯಾಶ್. ಸಾಮಾನ್ಯವಾಗಿ ಇದು ಎಕ್ಸ್‌ರೇಯಲ್ಲಾಗಲಿ ಎಂಆರ್‌ಐಯಲ್ಲಾಗಲಿ ಕಾಣುವುದಿಲ್ಲ. ನೋವು ಮಾರನೆಯ ದಿನ ಶುರುವಾಗುವುದೂ ಸಹಜ. ಹಾಗಾಗಿ ರಸ್ತೆಯಲ್ಲಿ ‘ಚೆನ್ನಾಗಿದ್ದೇನೆ’ ಎಂದವರು ಮರುದಿನ ಕತ್ತು ಹಿಡಿದುಕೊಂಡರೆ, ಅಷ್ಟರಿಂದಲೇ ಅದು ಸುಳ್ಳು ಎನ್ನಲಾಗದು. ಸುಳ್ಳು ಕ್ಲೇಮುಗಳಿಗೆ ನೆರಳಾಗಿರುವುದೂ ಇದೇ. ನಿಮ್ಮ ಕೆಲಸ ಎದುರಿನವರ ಮನಸ್ಸನ್ನು ಅಳೆಯುವುದಲ್ಲ, ಗುದ್ದು ಎಷ್ಟು ಬಲವಾಗಿತ್ತು, ಕಾರಿನಲ್ಲಿ ಯಾರು ಯಾರಿದ್ದರು ಎಂಬುದನ್ನು ಅಲುಗಾಡದಂತೆ ದಾಖಲಿಸುವುದು.

ರಸ್ತೆಯಲ್ಲಿ, ಮೊದಲ ಅರ್ಧ ಗಂಟೆ

ಯಾರಿಗೂ ಗಾಯವಾಗದ ಸಣ್ಣ ಡಿಕ್ಕಿಗೆ ಅಲ್ಲಿ ಪೊಲೀಸರು ಸಾಮಾನ್ಯವಾಗಿ ಬರುವುದೇ ಇಲ್ಲ. ಪಂಚನಾಮೆ ಮಾಡುವವರು ಯಾರೂ ಇಲ್ಲದ ಕಡೆ ಅದನ್ನು ನೀವೇ ಮಾಡಿಕೊಳ್ಳಬೇಕು.

ಮೊದಲು ಕಾರು ನಿಲ್ಲಿಸಿ, ಅಪಾಯದ ದೀಪ ಹಾಕಿ. 1988ರ ರೋಡ್ ಟ್ರಾಫಿಕ್ ಆ್ಯಕ್ಟ್‌ನ 170ನೇ ಕಲಮಿನ ಪ್ರಕಾರ ನಿಮ್ಮ ಹೆಸರು, ವಿಳಾಸ, ಕಾರಿನ ಮಾಲೀಕರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಕೊಡಬೇಕು. ಕೊಡಲಾಗದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಯಾರಾದರೂ ಸ್ಥಳದಲ್ಲೇ ‘ನೋವಾಗಿದೆ’ ಎಂದರೆ ವಿಮೆಯ ಪ್ರಮಾಣಪತ್ರವನ್ನೂ ತೋರಿಸಬೇಕು. ತೋರಿಸಲಾಗದಿದ್ದರೆ ಅದೇ 24 ಗಂಟೆಯೊಳಗೆ ಪೊಲೀಸ್ ಠಾಣೆಗೆ ಹೋಗಬೇಕು. ಇದನ್ನು ತಪ್ಪಿಸಿಕೊಂಡವರು ತಾವೇ ಅಪರಾಧಿಗಳಾಗುತ್ತಾರೆ, ಮುಂದೆ ಅವರ ಮಾತಿಗೆ ತೂಕವೂ ಇರುವುದಿಲ್ಲ.

‘ಸಾರಿ’ ಎನ್ನಲು ಹೆದರಬೇಡಿ. 2006ರ ಕಾಂಪೆನ್ಸೇಷನ್ ಆ್ಯಕ್ಟ್ ಪ್ರಕಾರ ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯ ಒಪ್ಪಿಕೊಂಡಂತೆ ಆಗುವುದಿಲ್ಲ. ಆದರೆ ‘ತಪ್ಪು ನನ್ನದೇ, ಖರ್ಚು ನಾನೇ ಕೊಡುತ್ತೇನೆ’ ಎಂದು ಬರೆದುಕೊಡಬೇಡಿ, ವಾಟ್ಸ್‌ಆ್ಯಪ್‌ನಲ್ಲೂ ಕಳಿಸಬೇಡಿ.

ಇನ್ನು ಮೊಬೈಲ್ ತೆಗೆಯಿರಿ. ಕಾರುಗಳನ್ನು ಸರಿಸುವ ಮೊದಲು, ಸುರಕ್ಷಿತವಾಗಿದ್ದರೆ, ಹತ್ತು ಹೆಜ್ಜೆ ಹಿಂದೆ ನಿಂತು ಎರಡೂ ಕಾರು, ರಸ್ತೆಯ ಗೆರೆಗಳು, ಫಲಕಗಳು ಒಟ್ಟಿಗೆ ಬರುವಂತೆ ನಾಲ್ಕು ದಿಕ್ಕಿನಿಂದ ಫೋಟೊ ಹಿಡಿಯಿರಿ. ಆಮೇಲೆ ಹತ್ತಿರದಿಂದ ಎರಡೂ ಬಂಪರ್. ಗೀರಿನ ಪಕ್ಕ ಬ್ಯಾಂಕ್ ಕಾರ್ಡನ್ನು ಹಿಂಬದಿ ತಿರುಗಿಸಿ ಹಿಡಿದರೆ ಅಳತೆ ಸಿಗುತ್ತದೆ, ಸಂಖ್ಯೆಯೂ ಕಾಣುವುದಿಲ್ಲ. ಏನೂ ಆಗಿರದ ಬದಿಗಳ ಫೋಟೊವನ್ನೂ ತಪ್ಪದೆ ಹಿಡಿಯಿರಿ. ನೀವು ತಾಕಿಸಿದ್ದು ಬಲಮೂಲೆಗೆ, ಕ್ಲೇಮಿನಲ್ಲಿ ಎಡಬಾಗಿಲ ರಿಪೇರಿಯೂ ಸೇರಿದ್ದರೆ ಉತ್ತರ ಹೇಳುವುದು ಆ ಫೋಟೊಗಳೇ.

ಮುಖ್ಯವಾದದ್ದು ತಲೆ ಎಣಿಕೆ. ಎದುರಿನ ಕಾರಿನೊಳಗೆ ಎಷ್ಟು ಜನ, ಯಾರು ಎಲ್ಲಿ ಕುಳಿತಿದ್ದರು ಎಂಬುದು ಕಾಣುವಂತೆ 30 ಸೆಕೆಂಡಿನ ವಿಡಿಯೊ ಮಾಡಿ. ಜಗಳ ತೆಗೆಯಬೇಡಿ, ಮುಖಕ್ಕೆ ಕ್ಯಾಮೆರಾ ಒಡ್ಡಬೇಡಿ. ಕಾರಿನ ಸುತ್ತ ಒಂದು ಸುತ್ತು ಬಂದರೆ ಸಾಕು. ಇಲ್ಲದ ಪ್ರಯಾಣಿಕರನ್ನು ಆಮೇಲೆ ಸೇರಿಸುವುದನ್ನು ಅಲ್ಲಿ ‘ಫ್ಯಾಂಟಮ್ ಪ್ಯಾಸೆಂಜರ್’ ಎನ್ನುತ್ತಾರೆ. ಇದನ್ನು ಮುರಿಯಲು ಈ ವಿಡಿಯೊಗಿಂತ ಒಳ್ಳೆಯ ಸಾಕ್ಷ್ಯ ಇನ್ನೊಂದಿಲ್ಲ. ಬಸ್‌ನಿಲ್ದಾಣದಲ್ಲೋ ಹಿಂದಿನ ಕಾರಿನಲ್ಲೋ ನೋಡಿದವರಿದ್ದರೆ ಹೆಸರು, ಫೋನ್ ನಂಬರ್ ಕೇಳಿ ಬರೆದುಕೊಳ್ಳಿ.

ಡ್ಯಾಶ್‌ಕ್ಯಾಮ್ ಇದ್ದರೆ ಅದರ ಮೆಮೊರಿ ಕಾರ್ಡನ್ನು ಅಲ್ಲೇ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಕಾರ್ಡು ತುಂಬಿದ ಹಾಗೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತ ಹೋಗುವುದು ಆ ಯಂತ್ರದ ಗುಣ. ಮೆಲ್ಲಗೆ ತಾಕಿದ್ದನ್ನು ಅದರ ಸೆನ್ಸರ್ ಗುದ್ದು ಎಂದು ಗುರುತಿಸದೆ, ಫೈಲನ್ನು ಬೀಗ ಹಾಕಿ ಉಳಿಸದೆ ಇರಬಹುದು. ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ಆಗಿದ್ದರೆ ಸಿಸಿಟಿವಿ ದೃಶ್ಯ ಉಳಿಸಿಡಿ ಎಂದು ಅವತ್ತೇ ಇಮೇಲ್ ಮಾಡಿ, ವಿಮಾ ಕಂಪನಿಗೂ ತಿಳಿಸಿ. ದತ್ತಾಂಶ ಕಾನೂನಿನಡಿ ನಿಮ್ಮ ಕೋರಿಕೆಗೆ ಉತ್ತರಿಸಲು ಅವರಿಗೆ ಒಂದು ತಿಂಗಳ ಅವಕಾಶವಿದೆ. ಎಷ್ಟೋ ಕಡೆ ಅಷ್ಟರೊಳಗೆ ದೃಶ್ಯ ಅಳಿಸಿಹೋಗಿರುತ್ತದೆ. ಆದ್ದರಿಂದಲೇ ‘ಕೊಡಿ’ ಎನ್ನುವುದಕ್ಕೂ ಮೊದಲು ‘ಅಳಿಸಬೇಡಿ’ ಎಂದು ಬರೆಯಬೇಕು.

ಮನೆಗೆ ಬಂದ ರಾತ್ರಿ

ಏನೂ ಹಾನಿಯಾಗದಿದ್ದರೂ, ಕ್ಲೇಮ್ ಬೇಡವಾದರೂ, ವಿಮಾ ಕಂಪನಿಗೆ ತಿಳಿಸಿ. ಸಾಮಾನ್ಯವಾಗಿ ಪಾಲಿಸಿಯಲ್ಲಿ ಇದು ಷರತ್ತೇ ಆಗಿರುತ್ತದೆ. ಪ್ರೀಮಿಯಂ ಏರೀತೆಂದು ಮುಚ್ಚಿಟ್ಟು, ಎದುರಿನವರ ಕ್ಲೇಮಿನಿಂದಲೇ ಕಂಪನಿಗೆ ಗೊತ್ತಾದರೆ ನಿಮ್ಮ ಮಾತನ್ನು ನಂಬುವವರು ಯಾರು?

ಮಲಗುವ ಮೊದಲು ಒಂದು ಪುಟ ಬರೆದಿಡಿ: ಸಮಯ, ಜಾಗ, ಮಳೆ ಇತ್ತೇ, ನೀವು ಪೂರ್ತಿ ನಿಂತು ಹೊರಟಿರೋ ಉರುಳುತ್ತಲೇ ಇದ್ದಿರೋ, ಗೇರ್ ಯಾವುದು, ಏರ್‌ಬ್ಯಾಗ್ ತೆರೆಯಿತೇ, ಡ್ಯಾಶ್‌ಬೋರ್ಡ್ ಮೇಲಿದ್ದ ಮೊಬೈಲ್ ಜಾರಿತೇ, ಲೋಟದ ಕಾಫಿ ಚೆಲ್ಲಿತೇ, ಎದುರಿನವರು ಹೇಗೆ ಇಳಿದರು, ಏನೆಂದರು. ಇಂಥ ಚಿಕ್ಕ ಸಂಗತಿಗಳೇ ಗುದ್ದಿನ ಬಲ ಹೇಳುತ್ತವೆ, ಆರು ತಿಂಗಳಲ್ಲಿ ಮರೆತುಹೋಗುವುದೂ ಇವೇ. ಜತೆಗಿದ್ದವರು ಬೇರೆಯಾಗಿ, ತಮ್ಮ ನೆನಪಿನಿಂದಲೇ ಬರೆಯಲಿ.

ರಿಪೇರಿಗೆ ಬಿಡುವ ಮುನ್ನ

ಇಲ್ಲಿ ಬಹಳ ಜನ ಎಡವುತ್ತಾರೆ. ಬಂಪರಿನಲ್ಲಿ ಹೊರಗೆ ಕಾಣುವುದು ಬರೀ ಪ್ಲಾಸ್ಟಿಕ್ ಹೊದಿಕೆ. ಅದರ ಹಿಂದೆ ಫೋಮ್, ಅದರ ಹಿಂದೆ ಲೋಹದ ಅಡ್ಡಪಟ್ಟಿ ಇರುತ್ತದೆ. ಹೊದಿಕೆ ಒಳಗೆ ಹೋಗಿ ಮತ್ತೆ ತನ್ನ ಆಕಾರಕ್ಕೆ ಬರಬಲ್ಲದು. ಆದ್ದರಿಂದ ‘ಗೀರೇ ಇಲ್ಲ, ಗುದ್ದೂ ಇಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಹೊದಿಕೆ ಬಿಚ್ಚಿಸಿ ಫೋಮ್ ಮತ್ತು ಅಡ್ಡಪಟ್ಟಿಯ ಫೋಟೊ ತೆಗೆಸಿ, ಗ್ಯಾರೇಜಿನ ಬಿಲ್ಲಿನಲ್ಲಿ ‘ಒಳಭಾಗಕ್ಕೆ ಹಾನಿ ಇಲ್ಲ’ ಎಂದು ಬರೆಸಿ. ಎದುರಿನ ಕಾರಿಗೆ ಟೋ ಬಾರ್ (ಹಿಂದೆ ಟ್ರೇಲರ್ ಎಳೆಯಲು ಹಾಕಿದ ಕೊಂಡಿ) ಇತ್ತೇ ಎಂಬುದನ್ನೂ ಗಮನಿಸಿ. ಆ ಗಟ್ಟಿ ಕಬ್ಬಿಣಕ್ಕೆ ತಾಕಿದರೆ ಬಂಪರ್ ಮುಟ್ಟದೆಯೇ ಪೆಟ್ಟು ನೇರ ಚಾಸಿಗೆ ಹೋಗುತ್ತದೆ. ಅಂಥ ಕಡೆ ಗೀರಿಲ್ಲದೆಯೂ ಒಳಗಿದ್ದವರಿಗೆ ಅಲುಗಾಟ ಜೋರಾಗಿರಬಹುದು.

ಲೆಕ್ಕ ಒಂದಿಷ್ಟು ಗೊತ್ತಿದ್ದರೆ ಒಳ್ಳೆಯದು. ಎರಡೂ ಕಾರುಗಳ ತೂಕ ಒಂದೇ ಎಂದಿಟ್ಟುಕೊಳ್ಳಿ. ಗಂಟೆಗೆ 6 ಮೈಲಿ ವೇಗದಲ್ಲಿ ಹೋಗಿ ನಿಂತ ಕಾರಿಗೆ ತಾಕಿಸಿದರೆ, ಬಂಪರ್ ಪುಟಿಯುವುದನ್ನೂ ಸೇರಿಸಿ ಅದಕ್ಕೆ ಸಿಗುವ ವೇಗ ಸುಮಾರು 4 ಮೈಲಿ. ನಿಮ್ಮದು ಎರಡು ಟನ್ನಿನ ವಾಹನ, ಎದುರಿನದು ಒಂದು ಟನ್ನಿನ ಪುಟ್ಟ ಕಾರಾದರೆ ಅದು 5 ಮೈಲಿ ದಾಟುತ್ತದೆ. ಕತ್ತಿನ ಪ್ರಶ್ನೆಯಲ್ಲಿ ಎಣಿಕೆಗೆ ಬರುವುದು ನಿಮ್ಮ ವೇಗವಲ್ಲ, ಎದುರಿನ ಕಾರಿಗೆ ಸಿಗುವ ಈ ವೇಗ. ಆದರೆ ‘ಇಷ್ಟಕ್ಕಿಂತ ಕಡಿಮೆ ಇದ್ದರೆ ನೋವಾಗುವುದಿಲ್ಲ’ ಎಂಬ ಗೆರೆ ಕಾನೂನಿನಲ್ಲಿ ಇಲ್ಲ. ಕೆಲವು ಹೊಸ ಕಾರುಗಳಲ್ಲಿ ಡಿಕ್ಕಿಯ ದತ್ತಾಂಶ ದಾಖಲಿಸುವ ಪೆಟ್ಟಿಗೆ ಇರುತ್ತದೆ. ಅದು ದಾಖಲಿಸಲು ನಿಗದಿಯಾದ ಮಾನದಂಡ 150 ಮಿಲಿಸೆಕೆಂಡ್‌ನೊಳಗೆ ವೇಗದಲ್ಲಿ ಗಂಟೆಗೆ 8 ಕಿ.ಮೀ. ವ್ಯತ್ಯಾಸ. ಅದರಲ್ಲಿ ಏನೂ ದಾಖಲಾಗಿಲ್ಲ ಎಂಬುದೂ ಎಂಜಿನಿಯರಿಗೆ ಒಂದು ಸುಳಿವು.

ಕ್ಲೇಮ್ ಬಂದ ದಿನ

2021ರ ಮೇ 31ರಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಇಂಥ ಸಣ್ಣ ಕ್ಲೇಮುಗಳು ‘ಅಫಿಶಿಯಲ್ ಇಂಜುರಿ ಕ್ಲೇಮ್’ ಎಂಬ ಪೋರ್ಟಲ್ ಮೂಲಕ ಬರುತ್ತವೆ. ಮೂರು ತಿಂಗಳವರೆಗಿನ ವಿಪ್‌ಲ್ಯಾಶ್‌ಗೆ ಆಗ ಗೊತ್ತುಮಾಡಿದ ಮೊತ್ತ 240 ಪೌಂಡ್. 2025ರ ಮೇ 31ರಿಂದ ಈಚಿನ ಅಪಘಾತಗಳಿಗೆ ಅದು 275 ಪೌಂಡ್. ನೋವು ಇದ್ದ ತಿಂಗಳು ಹೆಚ್ಚಿದಂತೆ ಮೊತ್ತವೂ ಏರುತ್ತದೆ. ವೈದ್ಯಕೀಯ ವರದಿ ಇಲ್ಲದೆ ವಿಮಾ ಕಂಪನಿ ಹಣ ಕೊಟ್ಟು ಮುಗಿಸುವುದನ್ನು 2018ರ ಸಿವಿಲ್ ಲಯಬಿಲಿಟಿ ಆ್ಯಕ್ಟ್ ನಿಷೇಧಿಸಿದೆ. ಆದರೆ ಆ ವರದಿ ಹೆಚ್ಚಾಗಿ ಕ್ಲೇಮ್ ಮಾಡಿದವರು ಹೇಳಿದ್ದನ್ನೇ ಆಧರಿಸಿರುತ್ತದೆ ಎಂಬುದು ನೆನಪಿರಲಿ. ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗೆ ಈ ಮೊತ್ತದ ಪಟ್ಟಿ ಅನ್ವಯಿಸದು.

ಪೋರ್ಟಲ್‌ನಲ್ಲಿ ಕ್ಲೇಮ್ ಬಂದ ಮೇಲೆ ಉತ್ತರಿಸಲು ನಿಮ್ಮ ವಿಮಾ ಕಂಪನಿಗೆ 30 ಕೆಲಸದ ದಿನಗಳಿವೆ. ನಿಮ್ಮ ಕೈಯಲ್ಲಿರುವ ಕಾಲವೂ ಅಷ್ಟೇ. ಪಾಲಿಸಿಯ ಷರತ್ತುಗಳು ಸಾಮಾನ್ಯವಾಗಿ ಕ್ಲೇಮ್ ನಿಭಾಯಿಸುವ, ರಾಜಿ ಮಾಡುವ ಅಧಿಕಾರವನ್ನು ಕಂಪನಿಗೇ ಕೊಟ್ಟಿರುತ್ತವೆ. 275 ಪೌಂಡ್ ಕೊಟ್ಟು ಕೈತೊಳೆಯುವುದಕ್ಕಿಂತ ಎಂಜಿನಿಯರ್, ವಕೀಲರನ್ನು ಹಿಡಿದು ಹೋರಾಡುವುದು ಕಂಪನಿಗೆ ಹೆಚ್ಚು ಖರ್ಚಿನದು. ಆದರೆ ಕಂಪನಿ ಕೊಟ್ಟದ್ದು ನಿಮ್ಮ ಲೆಕ್ಕಕ್ಕೆ ಬರುತ್ತದೆ. ನೋ ಕ್ಲೇಮ್ಸ್ ಬೋನಸ್ ಕರಗುತ್ತದೆ, ಸಾಮಾನ್ಯವಾಗಿ ಐದು ವರ್ಷ ಹೊಸ ಪಾಲಿಸಿಗಳಲ್ಲಿ ಇದನ್ನು ಹೇಳಿಕೊಳ್ಳಬೇಕಾಗುತ್ತದೆ. ಆದ್ದರಿಂದ ಫೋನಿನಲ್ಲಿ ಗೊಣಗಿ ಸುಮ್ಮನಾಗದೆ ಬರಹದಲ್ಲೇ ತಕರಾರು ಹಾಕಿ.

ಪತ್ರದಲ್ಲಿ ‘ಮೋಸ’, ‘ವಂಚಕರು’ ಎಂಬ ಮಾತು ಬೇಡ. ವಂಚನೆ ಎಂದು ನೇರ ಆರೋಪಿಸದೆ, ಅನುಮಾನಕ್ಕೆ ಕಾರಣವಾದ ಸಂಗತಿಗಳನ್ನು ಪೂರ್ತಿಯಾಗಿ ಮುಂದಿಟ್ಟರೆ ಸಾಕು ಎಂದು 2005ರಲ್ಲೇ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿದೆ. ಹೀಗೆ ಬರೆಯಬಹುದು: ‘ನನ್ನ ಕಾರು ಮೊದಲ ಗೇರಿನಲ್ಲಿ ಉರುಳುತ್ತಿತ್ತು. ಏರ್‌ಬ್ಯಾಗ್ ತೆರೆಯಲಿಲ್ಲ. ಬಂಪರ್ ಬಿಚ್ಚಿ ನೋಡಿದ ಗ್ಯಾರೇಜ್ ಒಳಹಾನಿ ಇಲ್ಲ ಎಂದಿದೆ. ಎದುರಿನ ಕಾರಿನಲ್ಲಿ ಚಾಲಕರೊಬ್ಬರೇ ಇದ್ದರು, ವಿಡಿಯೊ ಲಗತ್ತಿಸಿದೆ. ನನ್ನ ಸಮ್ಮತಿ ಕೇಳದೆ ರಾಜಿ ಮಾಡಬೇಡಿ. ಇದನ್ನು ಲೋ ವೆಲಾಸಿಟಿ ಇಂಪ್ಯಾಕ್ಟ್ ಪ್ರಕರಣವೆಂದು ಪರಿಗಣಿಸಿ, ವಂಚನೆ ತನಿಖಾ ವಿಭಾಗಕ್ಕೆ ಕಳಿಸಿ. ಅಗತ್ಯವಿದ್ದರೆ ಕೋರ್ಟಿಗೆ ಬಂದು ಸಾಕ್ಷಿ ಹೇಳುತ್ತೇನೆ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಸಾಕ್ಷಿ ಹೇಳಲು ಮುಂದೆ ಬರುವ ಚಾಲಕನಿದ್ದರೆ ಕಂಪನಿಯ ಲೆಕ್ಕಾಚಾರವೇ ಬದಲಾಗುತ್ತದೆ.

‘ಲೋ ವೆಲಾಸಿಟಿ ಇಂಪ್ಯಾಕ್ಟ್’ ಎಂಬ ಆ ಮೂರು ಪದಗಳನ್ನು ಹೆಸರಿಟ್ಟು ಬರೆಯುವುದಕ್ಕೂ ಕಾರಣವಿದೆ. ಗುದ್ದು ತೀರಾ ಮೆಲುವಾಗಿತ್ತು, ಅದರಿಂದ ಗಾಯ ಆಗಿರಲಾರದು ಎಂದು ವಾದಿಸುವವರು ಕ್ಲೇಮ್ ಪತ್ರ ಕೈಸೇರಿದ ಮೂರು ತಿಂಗಳೊಳಗೆ ಅದನ್ನು ಎದುರಿನವರಿಗೆ ಬರಹದಲ್ಲಿ ತಿಳಿಸಬೇಕು ಎಂದು 2006ರ ಇನ್ನೊಂದು ತೀರ್ಪು ಹೇಳುತ್ತದೆ. ನೀವು ಸುಮ್ಮನಿದ್ದರೆ ಆ ಗಡುವು ಕಳೆದುಹೋಗುತ್ತದೆ. ಡಿಕ್ಕಿಯಾದದ್ದು, ತಪ್ಪು ನಿಮ್ಮದೆಂಬುದು ಒಪ್ಪಿಗೆಯಾಗಿದ್ದರೂ, ಅದರಿಂದ ಗಾಯವಾಯಿತು ಎಂಬುದನ್ನು ಮಾತ್ರ ಅಲ್ಲಗಳೆಯಬಹುದು. ಇವೆರಡು ಬೇರೆ ಬೇರೆ ಪ್ರಶ್ನೆಗಳು.

ಎದುರಿನವರ ಸಾಲಿಸಿಟರ್ ಪತ್ರ ನೇರ ನಿಮಗೇ ಬಂದರೆ ಉತ್ತರ ಬರೆಯಬೇಡಿ, ಅದೇ ದಿನ ಕಂಪನಿಗೆ ದಾಟಿಸಿ. ಕೋರ್ಟಿನ ಕ್ಲೇಮ್ ಫಾರ್ಮ್ ಬಂದರೆ ಇನ್ನೂ ಅವಸರ: ಪ್ರತಿಕ್ರಿಯೆಗೆ 14 ದಿನ ಮಾತ್ರ. ತಪ್ಪಿದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಆಗಬಹುದು. ಎದುರಿನವರಿಗೆ ಫೋನ್ ಮಾಡುವುದು, ಮನೆ ಹತ್ತಿರ ಹೋಗುವುದು, ಬೇರೆ ಹೆಸರಿನಲ್ಲಿ ಫೇಸ್‌ಬುಕ್ ಗೆಳೆತನ ಕೋರುವುದು ಖಂಡಿತ ಬೇಡ. ಎಲ್ಲರಿಗೂ ಕಾಣುವ ಪೋಸ್ಟ್ ಇದ್ದರೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಕಂಪನಿಗೆ ಕೊಡಿ. ಮುಂದಿನ ಕಾರು ಬೇಕೆಂದೇ ಬ್ರೇಕ್ ಹಾಕಿತು ಎನಿಸಿದರೆ ಇನ್ಶೂರೆನ್ಸ್ ಫ್ರಾಡ್ ಬ್ಯೂರೋಗೂ ತಿಳಿಸಬಹುದು.

ಕೋರ್ಟಿನವರೆಗೆ ಹೋದರೆ

2015ರ ಕ್ರಿಮಿನಲ್ ಜಸ್ಟಿಸ್ ಆ್ಯಂಡ್ ಕೋರ್ಟ್ಸ್ ಆ್ಯಕ್ಟ್‌ನ 57ನೇ ಕಲಮು ಬಹಳ ಬಲವಾದದ್ದು. ಕ್ಲೇಮ್ ಮಾಡಿದವರು ಮೂಲಭೂತವಾಗಿ ಅಪ್ರಾಮಾಣಿಕರು ಎಂದು ಕಂಡುಬಂದರೆ, ಅವರಿಗೆ ಆದ ನಿಜವಾದ ನೋವಿನ ಭಾಗವೂ ಸೇರಿ ಇಡೀ ಕ್ಲೇಮನ್ನು ನ್ಯಾಯಾಧೀಶರು ವಜಾ ಮಾಡಬೇಕು. ತೀರಾ ಅನ್ಯಾಯವಾಗುವಂತಿದ್ದರೆ ಮಾತ್ರ ವಿನಾಯಿತಿ. ಅದೇ ಅಪಘಾತದಲ್ಲಿ ಇನ್ನೊಬ್ಬರು ಮಾಡಿದ ಸುಳ್ಳು ಕ್ಲೇಮಿಗೆ ಒತ್ತಾಸೆಯಾಗಿ ನಿಂತವರಿಗೂ ಇದೇ ಗತಿ. ಕಾರಿನಲ್ಲೇ ಇರದ ಗೆಳೆಯನ ಪರವಾಗಿ ‘ಇದ್ದ’ ಎಂದ ಚಾಲಕ ತನ್ನ ಪರಿಹಾರವನ್ನೂ ಕಳೆದುಕೊಳ್ಳುತ್ತಾನೆ. ನಿಮ್ಮ ತಲೆ ಎಣಿಕೆಯ ವಿಡಿಯೊ ಕೆಲಸ ಮಾಡುವುದು ಇಲ್ಲಿ.

ನಿಮ್ಮ ಸಾಕ್ಷಿ ಹೇಳಿಕೆಗೆ ಸತ್ಯದ ಪ್ರಮಾಣವಾಕ್ಯದ ಕೆಳಗೆ ಸಹಿ ಹಾಕಬೇಕು. ಗೊತ್ತಿದ್ದೂ ಸುಳ್ಳು ಬರೆದರೆ ಅದು ನ್ಯಾಯಾಂಗ ನಿಂದನೆ. ವೇಗ ಖಚಿತವಾಗಿ ಗೊತ್ತಿಲ್ಲದಿದ್ದರೆ ‘5 ಮೈಲಿ’ ಎಂದು ಗಟ್ಟಿಸಿ ಬರೆಯದೆ ‘ನಡಿಗೆಯ ವೇಗ, ಮೊದಲ ಗೇರ್’ ಎನ್ನಿ. ಇಂಗ್ಲಿಷಿನಲ್ಲಿ ಸಾಕ್ಷಿ ಹೇಳಲು ತಡವರಿಸುವವರು, ಭೇಟಿಗೆ ಬಂದಿದ್ದ ಅಪ್ಪ ಅಮ್ಮ ಕಾರಿನಲ್ಲಿದ್ದು ಸಾಕ್ಷಿಗಳಾಗಿದ್ದರೆ ಅವರು ಕೂಡ, ದುಭಾಷಿ ಬೇಕೆಂದು ಕಂಪನಿಯ ವಕೀಲರಿಗೆ ಮೊದಲೇ ತಿಳಿಸಲಿ.

ಇಷ್ಟೆಲ್ಲ ಕೊಟ್ಟರೂ ಕಂಪನಿ ಓದದೆಯೇ ರಾಜಿ ಮಾಡಿಕೊಂಡರೆ ಅದರ ಮೇಲೆ ಲಿಖಿತ ದೂರು ಕೊಡಿ. ಎಂಟು ವಾರದಲ್ಲಿ ಅಂತಿಮ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಆರು ತಿಂಗಳೊಳಗೆ, ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಫೈನಾನ್ಷಿಯಲ್ ಆಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು. ಅಲ್ಲಿ ನೋವು ಸುಳ್ಳೇ ನಿಜವೇ ಎಂದು ತೀರ್ಮಾನಿಸುವುದಿಲ್ಲ, ಕಂಪನಿ ನಿಮ್ಮ ಸಾಕ್ಷ್ಯವನ್ನು ಸರಿಯಾಗಿ ಪರಿಶೀಲಿಸಿತ್ತೇ ಎಂದು ನೋಡುತ್ತಾರೆ. ಆದ್ದರಿಂದ ದೂರಿನ ಜತೆ ಫೋಟೊಗಳನ್ನಷ್ಟೇ ಅಲ್ಲ, ಅವುಗಳನ್ನು ಕಂಪನಿಗೆ ಯಾವ ದಿನ ಕಳಿಸಿದಿರಿ ಎಂಬುದನ್ನು ತೋರಿಸುವ ಇಮೇಲ್‌ಗಳನ್ನೂ ಲಗತ್ತಿಸಿ.