ಹೆಡ್ ಬಿಚ್ಚುವ ಮುಂಚೆ: ಗ್ಯಾಸ್ಕೆಟ್ ನಿಜವಾಗ್ಲೂ ಹೋಗಿದೆಯಾ?

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಏಪ್ರಿಲ್ ತಿಂಗಳ ಮಧ್ಯಾಹ್ನ, ಮುಂದೆ ಟ್ಯಾಂಕರ್‌ಗಳ ಸಾಲು. ನಮ್ಮ ಹಳೇ ಮಾರುತಿ 800ರ ಟೆಂಪರೇಚರ್ ಮುಳ್ಳು ನೋಡನೋಡುತ್ತಿದ್ದಂತೆ ಕೆಂಪು ಗೆರೆ ಮುಟ್ಟಿತು. ಪಕ್ಕಕ್ಕೆ ನಿಲ್ಲಿಸಿದರೆ ಬಾನೆಟ್ ಸಂದಿಯಿಂದ ಹಬೆ. ಹೇಗೋ ಎಳೆಸಿಕೊಂಡು ಊರು ಸೇರಿದೆವು. ಗ್ಯಾರೇಜಿನವರು ನೋಡಿದ ತಕ್ಷಣ, "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಬಿಚ್ಚಲೇಬೇಕು" ಅಂದರು. ಬಿಚ್ಚಿದರು. ಗ್ಯಾಸ್ಕೆಟ್ ಚೆನ್ನಾಗೇ ಇತ್ತು. ಕೆಟ್ಟಿದ್ದು ರೇಡಿಯೇಟರ್ ಫ್ಯಾನಿನ ಸ್ವಿಚ್.

ಅವತ್ತಿನಿಂದ ನನ್ನದೊಂದು ನಿಯಮ. ಎರಡು ಬೇರೆ ಬೇರೆ ಪರೀಕ್ಷೆಗಳು ಒಂದೇ ಮಾತು ಹೇಳುವ ತನಕ ಹೆಡ್ ಬೋಲ್ಟಿಗೆ ಪಾನಾ ಹಾಕುವುದಿಲ್ಲ. ನಾಲ್ಕು ವರ್ಷದ ನಂತರ ಅದೇ ಕಾರಿನ ಗ್ಯಾಸ್ಕೆಟ್ ನಿಜವಾಗಿಯೂ ಹೋಯಿತು. ಆಗ ಮನೆ ಅಂಗಳದಲ್ಲೇ ಎರಡು ಭಾನುವಾರ ಕೂತು ಬದಲಾಯಿಸಿದೆ. ಹೇಗೆ ಅಂತ ಹೇಳ್ತೀನಿ.

ಇಂಜಿನ್ನಿನ ಕೆಳಭಾಗ ಬ್ಲಾಕ್, ಮೇಲ್ಭಾಗ ಹೆಡ್. ನಡುವೆ ಕೂತಿರುವ ತೆಳ್ಳನೆ ಹಾಳೆಯೇ ಹೆಡ್ ಗ್ಯಾಸ್ಕೆಟ್. ಸಿಲಿಂಡರಿನ ಬೆಂಕಿ, ತಂಪು ಮಾಡುವ ನೀರು, ಓಡಾಡುವ ಆಯಿಲ್, ಈ ಮೂರೂ ಒಂದಕ್ಕೊಂದು ಸೇರದಂತೆ ತಡೆಯುವುದು ಅದರ ಕೆಲಸ. ಎಷ್ಟೋ ಇಂಜಿನ್‌ಗಳಲ್ಲಿ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಇಂಜಿನ್ ಅತಿಯಾಗಿ ಕಾದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಮೇಲಿನ ಹಿಡಿತ ಸಡಿಲವಾಗುತ್ತದೆ. ಅಲ್ಲಿಂದ ಸೋರಿಕೆ ಶುರು. ಗ್ಯಾಸ್ಕೆಟ್ ಸುಮ್ನೆ ಹೋಗುವುದು ಕಡಿಮೆ, ಅದನ್ನು ಕೊಂದ ಕಾರಣ ಇನ್ನೊಂದು ಇರುತ್ತದೆ. ಮೊದಲು ಅದನ್ನು ಹುಡುಕಿ.

ಮೊದಲು ಸುಲಭದ್ದನ್ನು ನೋಡಿ

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒಳಗೆ ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದ್ದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತಿರುಗಿಸಿದ ಕೂಡಲೇ ಕುದಿದು ಮುಖಕ್ಕೆ ಎರಚುತ್ತದೆ. ಕೈ ಇಟ್ಟರೆ ತಣ್ಣಗೆ ಅನ್ನಿಸುವ ತನಕ ಕಾಯಿರಿ.

ತಣಿದ ಮೇಲೆ ಮುಚ್ಚಳದ ರಬ್ಬರ್ ಬಿರಿದಿದೆಯಾ, ಸ್ಪ್ರಿಂಗ್ ಸತ್ತಿದೆಯಾ ನೋಡಿ. ಹೋಸ್‌ಗಳ ಕ್ಲಿಪ್ ಹತ್ತಿರ ಒಣಗಿದ ಕೂಲೆಂಟಿನ (ಇಂಜಿನ್ ತಂಪಿಡಲು ನೀರಿಗೆ ಬೆರೆಸುವ ದ್ರವ) ಕಲೆ ಹುಡುಕಿ. ವಾಟರ್ ಪಂಪ್ ಕೆಳಗೆ ತೇವ ಇದೆಯಾ? ಇಂಜಿನ್ ಕಾದಾಗ ಫ್ಯಾನ್ ತಿರುಗುತ್ತದಾ? ತಿರುಗದಿದ್ದರೆ ಫ್ಯಾನಿಗೆ ನೇರ ಬ್ಯಾಟರಿ ಕರೆಂಟ್ ಕೊಟ್ಟು ನೋಡಿ. ಆಗ ತಿರುಗಿದರೆ ಮೋಟರ್ ಸರಿ, ತಪ್ಪು ಸ್ವಿಚ್, ರಿಲೇ ಅಥವಾ ಫ್ಯೂಸಿನದು. ಥರ್ಮೋಸ್ಟಾಟ್ (ಕಾದ ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು) ಮೇಲೆ ಅನುಮಾನ ಇದ್ದರೆ ಕಳಚಿ, ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆ ಮೇಲಿಡಿ. ನೀರು ಕುದಿಯುವ ಮುಂಚೆಯೇ ಅದು ಬಾಯಿ ತೆರೆಯಬೇಕು. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ, ಕೂಲೆಂಟ್ ವಿಷ.

ಲಕ್ಷಣಗಳು, ಮತ್ತು ಅವು ಮೋಸ ಮಾಡುವ ಬಗೆ

ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲುಕಾಫಿ ಬಣ್ಣದ ಕೆನೆ ಕಂಡರೆ ಎಲ್ಲರೂ ಹೆದರುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಓಡುವ ಕಾರಿನಲ್ಲಿ ಅದು ಮಾಮೂಲು. ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಅಷ್ಟೇ. ಡಿಪ್‌ಸ್ಟಿಕ್ ತೆಗೆದು ನೋಡಿ. ಅದರಲ್ಲೂ ಕೆನೆ ಇದ್ದು, ಆಯಿಲ್ ಮಟ್ಟ ಏರಿದ್ದರೆ ಅದು ಬೇರೆ ಮಾತು. ಇನ್ನೂ ಖಾತ್ರಿ ಬೇಕಾ? ರಾತ್ರಿಯಿಡೀ ನಿಂತ ಕಾರಿನ ಆಯಿಲ್ ಡ್ರೈನ್ ಬೋಲ್ಟನ್ನು ಬೆಳಿಗ್ಗೆ ನಿಧಾನವಾಗಿ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ನೀರು ಬೆರೆತಿದ್ದರೆ ಎಷ್ಟೋ ಸಲ ಮೊದಲು ತೊಟ್ಟಿಕ್ಕುವುದು ಅದೇ.

ಸೈಲೆನ್ಸರಿನ ಬಿಳಿ ಹೊಗೆಯೂ ಹೀಗೇ. ಚಳಿಯ ಬೆಳಿಗ್ಗೆ ಎಲ್ಲ ಪೆಟ್ರೋಲ್ ಕಾರುಗಳೂ ಹಬೆ ಬಿಡುತ್ತವೆ. ಇಂಜಿನ್ ಕಾದ ಮೇಲೂ ದಟ್ಟವಾಗಿ ಬರುತ್ತಾ, ಸಿಹಿಸಿಹಿ ವಾಸನೆ ಇದ್ದರೆ ಅನುಮಾನಪಡಿ. ಹೊರಗೆಲ್ಲೂ ಸೋರದೆ ಕೂಲೆಂಟ್ ದಿನಾ ಇಳಿಯುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಖಾತ್ರಿ ಮಾಡಿಕೊಳ್ಳುವ ಪರೀಕ್ಷೆಗಳು

ತಣ್ಣನೆ ಇಂಜಿನ್, ರೇಡಿಯೇಟರ್ ಮುಚ್ಚಳ ತೆಗೆದಿದೆ, ನೀರು ಕತ್ತಿನವರೆಗೆ ಇದೆ. ಬಯಲಿನಲ್ಲಿ ಸ್ಟಾರ್ಟ್ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ. ಈಗ ಬಗ್ಗಿ ನೀರಿನ ಮೇಲ್ಮೈ ನೋಡಿ. ಸಿಕ್ಕಿಕೊಂಡ ಗಾಳಿಯ ಗುಳ್ಳೆ ಸ್ವಲ್ಪ ಹೊತ್ತು ಬಂದು ನಿಲ್ಲುತ್ತದೆ. ನಿಲ್ಲದೆ ಸಣ್ಣ ಗುಳ್ಳೆ ಬರುತ್ತಲೇ ಇದ್ದು, ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿಯಾದರೆ ಅದು ಸಿಲಿಂಡರಿನ ಗ್ಯಾಸ್. ನಮ್ಮ 800ರಲ್ಲಿ ಗುಳ್ಳೆಗಳು ಸೋಡಾ ಬಾಟಲಿಯಲ್ಲಿ ಏಳುವ ಹಾಗೆ ಒಂದೇ ಸಮ ಎದ್ದವು. ಮೂಗಿಗೆ ಸೈಲೆನ್ಸರ್ ವಾಸನೆ ಬಡಿಯಿತು. ನೀರು ಕಾಯುವ ಮುಂಚೆ ಈ ಪರೀಕ್ಷೆ ಮುಗಿಸಿ, ಇಂಜಿನ್ ಆಫ್ ಮಾಡಿ.

ಇದನ್ನೇ ಇನ್ನೂ ಖಚಿತವಾಗಿ ಹೇಳುವುದು ನೀಲಿ ದ್ರವದ ಬ್ಲಾಕ್ ಟೆಸ್ಟರ್. ಶಾಲೆಯ ಲ್ಯಾಬಿನಲ್ಲಿ ನೋಡಿದ ಬ್ರೋಮೋಥೈಮಾಲ್ ಬ್ಲೂ ನೆನಪಿದೆಯಾ? ಅದೇ ಬಗೆಯದು. ರೇಡಿಯೇಟರ್ ಬಾಯಿಯ ಗಾಳಿಯನ್ನು ಇದರೊಳಗೆ ಎಳೆದಾಗ, ಕಾರ್ಬನ್ ಡೈಆಕ್ಸೈಡ್ ಇದ್ದರೆ ನೀಲಿ ಹೋಗಿ ಹಳದಿ ಬರುತ್ತದೆ. ನೀರನ್ನೇ ಎಳೆದುಬಿಟ್ಟರೆ ಪರೀಕ್ಷೆ ಕೆಟ್ಟ ಹಾಗೆ. ಅದಕ್ಕೇ ರೇಡಿಯೇಟರಿನ ನೀರು ಸ್ವಲ್ಪ ಇಳಿಸಿಕೊಳ್ಳಿ.

ಎರಡನೆಯದು ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರಿನೊಳಗೆ ಎಷ್ಟು ಒತ್ತಡ ಏರುತ್ತದೆ ಅಂತ ಅಳೆಯುವುದು. ಇಂಜಿನ್ ಬೆಚ್ಚಗಿರಲಿ. ಸ್ಪಾರ್ಕ್ ಪ್ಲಗ್ ಎಲ್ಲ ತೆಗೆಯಿರಿ, ಇಗ್ನಿಷನ್ ಕಾಯಿಲ್ ಕನೆಕ್ಷನ್ ಕಳಚಿ, ಇಂಜೆಕ್ಷನ್ ಗಾಡಿಯಾದರೆ ಫ್ಯುಯೆಲ್ ಪಂಪಿನ ಫ್ಯೂಸ್ ಕೀಳಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಒಂದೊಂದು ಸಿಲಿಂಡರಿಗೂ ಗೇಜ್ ಹಾಕಿ, ಎಲ್ಲಕ್ಕೂ ಒಂದೇ ಲೆಕ್ಕದ ಸುತ್ತು ಸೆಲ್ಫ್ ಹೊಡೆಯಿರಿ. ನಮ್ಮ ಮೂರು ಸಿಲಿಂಡರಿನಲ್ಲಿ ಬಂದದ್ದು 165, 90, 95 ಪಿಎಸ್‌ಐ. ಅಕ್ಕಪಕ್ಕದ ಎರಡು ಒಟ್ಟಿಗೆ ಇಳಿದಿದ್ದರೆ ನಡುವಿನ ಗೋಡೆಯ ಮೇಲೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಬಹಳ. ಒಂದೇ ಇಳಿದಿದ್ದರೆ ಆ ರಂಧ್ರದಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಚೆನ್ನಾಗಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ತೆಗೆದ ಪ್ಲಗ್‌ಗಳನ್ನೂ ಸಾಲಾಗಿ ಇಟ್ಟು ನೋಡಿ. ಎಲ್ಲದರ ತುದಿ ಕಂದು ಬಣ್ಣ, ಒಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿದ್ದರೆ ನೀರು ಹೋಗುತ್ತಿರುವುದು ಅದೇ ಸಿಲಿಂಡರಿಗೆ ಇರಬೇಕು.

ಗುಳ್ಳೆ ಮತ್ತು ಕಂಪ್ರೆಷನ್, ಎರಡೂ ಹೌದು ಅಂದವು. ಆಮೇಲೆಯೇ ನಾನು ಬಿಚ್ಚಿದ್ದು.

ಬಿಚ್ಚುವುದು

ಯಾರು ಕೈ ಹಾಕಬಾರದು ಅಂತ ಮೊದಲೇ ಹೇಳಿಬಿಡ್ತೀನಿ. ಕಾಮನ್ ರೈಲ್ ಡೀಸೆಲ್, ಟರ್ಬೋ, ಎರಡು ಕ್ಯಾಮ್‌ಶಾಫ್ಟಿನ ಚೈನ್ ಇಂಜಿನ್, ಇವುಗಳನ್ನು ನುರಿತವರಿಗೇ ಬಿಡಿ. ಎಷ್ಟೋ ಡೀಸೆಲ್‌ಗಳಲ್ಲಿ ಗ್ಯಾಸ್ಕೆಟ್ಟಿನ ದಪ್ಪವನ್ನೇ ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಅಂತ ಅಳೆದು ಆರಿಸಬೇಕು. ಹಳೇ ಸಣ್ಣ ಪೆಟ್ರೋಲ್ ಕಾರು, ಕೈಯಲ್ಲಿ ಆ ಗಾಡಿಯದೇ ಸರ್ವಿಸ್ ಮ್ಯಾನುಯಲ್, ಒಂದು ಒಳ್ಳೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ), ಇಷ್ಟಿದ್ದರೆ ಧೈರ್ಯ ಮಾಡಬಹುದು.

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕೂಲೆಂಟನ್ನು ಬಕೆಟ್ಟಿಗೆ ಇಳಿಸಿ ಮುಚ್ಚಿಡಿ. ಅದು ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ. ಪ್ರತಿ ಹೋಸ್, ವೈರ್ ಕಳಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದು, ಟೇಪ್ ಸುತ್ತಿ ನಂಬರ್ ಬರೆಯಿರಿ.

ಮೊದಲ ಸಿಲಿಂಡರನ್ನು ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ಬರುವ ಜಾಗ) ತಂದು, ಟೈಮಿಂಗ್ ಗುರುತುಗಳು ಕೂಡಿರುವುದನ್ನು ನೋಡಿ, ಅದರ ಮೇಲೆ ವೈಟ್ನರ್ ಗೆರೆ ಎಳೆಯಿರಿ. ಡಿಸ್ಟ್ರಿಬ್ಯೂಟರ್ ಇದ್ದರೆ ಅದರ ಜಾಗಕ್ಕೂ ಒಂದು ಗೆರೆ. ಟೈಮಿಂಗ್ ಬೆಲ್ಟ್ ತೆಗೆದ ಮೇಲೆ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಆಗಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಆಗಲಿ ಸುಮ್ಮನೆ ತಿರುಗಿಸಬೇಡಿ. ಕೆಲವು ಇಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್ನಿಗೆ ತಗಲುತ್ತದೆ.

ಹೆಡ್ ಬೋಲ್ಟ್‌ಗಳನ್ನು ಇಂಜಿನ್ ಪೂರ್ತಿ ತಣ್ಣಗಿದ್ದಾಗ, ತುದಿಯಿಂದ ನಡುವಿಗೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವೇ ಸಡಿಲಿಸಿ. ರಟ್ಟಿನ ಡಬ್ಬಿಯ ಮೇಲೆ ಹೆಡ್ಡಿನ ಆಕಾರ ಬರೆದು, ತೂತು ಮಾಡಿ, ಪ್ರತಿ ಬೋಲ್ಟನ್ನು ಅದರದರ ಜಾಗಕ್ಕೆ ಚುಚ್ಚಿಡಿ. ಹೆಡ್ ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಬೇಡಿ, ಅಲ್ಯೂಮಿನಿಯಂ ಗೀರುಬಿಡುತ್ತದೆ. ಮರದ ಕೊಡತಿಯಿಂದ ಮೆತ್ತಗೆ ತಟ್ಟಿ.

ಹಳೇ ಗ್ಯಾಸ್ಕೆಟ್ ಬಿಸಾಡಬೇಡಿ, ಬೆಳಕಿಗೆ ಹಿಡಿದು ನೋಡಿ. ನಮ್ಮದರಲ್ಲಿ ಎರಡು ಮತ್ತು ಮೂರನೇ ಸಿಲಿಂಡರಿನ ನಡುವಿನ ಲೋಹದ ಬಳೆ ಕಿರುಬೆರಳಿನ ಉಗುರಿನಷ್ಟು ತಿಂದುಹೋಗಿತ್ತು. ಅಲ್ಲಿಂದ ನೀರಿನ ತೂತಿನವರೆಗೆ ದೀಪದ ಕಾಡಿಗೆಯಂಥ ಕಪ್ಪು ದಾರಿ. ಗೇಜ್ ಹೇಳಿದ್ದೂ, ಗುಳ್ಳೆ ಹೇಳಿದ್ದೂ ಅಲ್ಲೇ ಕಣ್ಣಿಗೆ ಕಾಣಿಸಿತು.

ಹೆಡ್ ಪರೀಕ್ಷೆ, ಸ್ವಚ್ಛತೆ

ಇಲ್ಲಿ ಅವಸರ ಮಾಡಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ. ಎಷ್ಟು ಬಾಗಿದ್ದರೆ ನಡೆಯುತ್ತದೆ ಎಂಬುದು ಮ್ಯಾನುಯಲ್‌ನಲ್ಲಿರುತ್ತದೆ. ಸಣ್ಣ ಇಂಜಿನ್‌ಗಳಲ್ಲಿ 0.05 ಮಿಲಿಮೀಟರ್ ಸಾಮಾನ್ಯ. ಅದಕ್ಕಿಂತ ಜಾಸ್ತಿ ಬಾಗಿದ್ದರೆ ಲೇತ್ ಅಂಗಡಿಗೆ ಕೊಟ್ಟು ಫೇಸಿಂಗ್ ಮಾಡಿಸಿ, ಅಂದರೆ ಮೇಲ್ಮೈ ಸಮ ಮಾಡಿಸಿ. ಕಾದ ಹೆಡ್ ಬಿರುಕು ಬಿಟ್ಟಿರಲೂಬಹುದು, ಪ್ರೆಷರ್ ಟೆಸ್ಟ್ ಕೂಡ ಕೇಳಿ ಮಾಡಿಸಿ.

ಬ್ಲಾಕಿನ ಮೇಲ್ಮೈಯನ್ನು ಗ್ರೈಂಡರ್ ಡಿಸ್ಕಿನಿಂದ ಉಜ್ಜಬೇಡಿ. ಅದರ ಪುಡಿ ಆಯಿಲ್ ದಾರಿಗೆ ಬಿದ್ದರೆ ಬೇರಿಂಗ್ ತಿನ್ನುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್, ಬಟ್ಟೆ, ತಾಳ್ಮೆ ಸಾಕು. ಬೋಲ್ಟ್ ತೂತಿನೊಳಗೆ ನೀರಾಗಲಿ ಆಯಿಲ್ ಆಗಲಿ ನಿಂತಿರಬಾರದು. ಬೋಲ್ಟ್ ಇಳಿದಾಗ ದ್ರವಕ್ಕೆ ಹೋಗಲು ಜಾಗವಿಲ್ಲದೆ ಟಾರ್ಕ್ ತಪ್ಪುತ್ತದೆ, ಬ್ಲಾಕ್ ಸೀಳುವುದೂ ಉಂಟು.

ಮರಳಿ ಕೂರಿಸುವುದು

ಹೊಸ ಗ್ಯಾಸ್ಕೆಟ್ಟಿನ ಮೇಲೆ "ಟಾಪ್" ಗುರುತಿದ್ದರೆ ಅದು ಮೇಲೆ ಬರಲಿ. ಆಯಿಲ್ ತೂತು ಬ್ಲಾಕಿನ ತೂತಿಗೆ ಕೂಡಿದೆಯಾ ಎರಡು ಸಲ ನೋಡಿ. ಮ್ಯಾನುಯಲ್ ಹೇಳದಿದ್ದರೆ ಗಮ್, ಸೀಲೆಂಟ್ ಏನೂ ಹಚ್ಚಬೇಡಿ. ಕೆಲವು ಇಂಜಿನ್‌ಗಳ ಬೋಲ್ಟ್ ಒಂದೇ ಸಲಕ್ಕೆ, ಬಿಗಿದಾಗ ಎಳೆದುಕೊಂಡಿರುತ್ತವೆ. ಅಂಥವು ಹೊಸದೇ ಬೇಕು. ನಡುವಿನಿಂದ ತುದಿಗೆ, ಮೂರು ಹಂತದಲ್ಲಿ, ಮ್ಯಾನುಯಲ್‌ನ ಅಂಕಿಗೆ ಬಿಗಿಯಿರಿ. ಕೈ ಅಂದಾಜು ಬೇಡ.

ಬೆಲ್ಟ್ ಹಾಕಿ, ಕ್ರ್ಯಾಂಕನ್ನು ಪಾನಾದಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲೂ ತಡೆಯದೆ ಗುರುತುಗಳು ಮತ್ತೆ ಕೂಡಬೇಕು. ಟ್ಯಾಪೆಟ್ (ವಾಲ್ವಿನ ಸಂದಿ) ಸೆಟ್ ಮಾಡಿ. ಹೊಸ ಆಯಿಲ್, ಹೊಸ ಫಿಲ್ಟರ್. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ, ಬೋರ್‌ವೆಲ್ ನೀರು ಬೇಡ. ಹೀಟರ್ ಆನ್ ಇಟ್ಟು ಗಾಳಿ ಪೂರ್ತಿ ಹೋಗುವ ತನಕ ಓಡಿಸಿ, ಫ್ಯಾನ್ ತಾನಾಗಿ ಶುರುವಾಗುವುದನ್ನು ಕಣ್ಣಾರೆ ನೋಡಿ.

ರೇಡಿಯೇಟರಿಗೆ ಸುರಿಯುವ ಸೀಲರ್ ಡಬ್ಬಿಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ನಾನು ಹಾಕುವುದಿಲ್ಲ. ಸಣ್ಣ ಸೋರಿಕೆ ಕೆಲವು ದಿನ ನಿಲ್ಲಬಹುದು, ಆದರೆ ಅದೇ ದ್ರವ ರೇಡಿಯೇಟರ್, ಹೀಟರಿನ ಸಣ್ಣ ಕೊಳವೆಗಳನ್ನೂ ಕಟ್ಟುತ್ತದೆ.

ಮೊದಲ ವಾರ ಪ್ರತಿ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಮೇಲಿನ ಹೋಸ್ ಹಿಸುಕಿ ನೋಡಿ. ರಾತ್ರಿ ತಣಿದ ಮೇಲೆ ಅದು ಮೆತ್ತಗಿರಬೇಕು. ಮುಚ್ಚಳ ತೆಗೆದು ನೀರಿನ ಮಟ್ಟ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಬಣ್ಣ ನೋಡಿ. ಮೊದಲು ಆಯಿಲಿಗೆ ನೀರು ಬೆರೆತಿದ್ದರೆ ನೂರಿನ್ನೂರು ಕಿಲೋಮೀಟರ್ ಓಡಿಸಿ ಆಯಿಲನ್ನು ಇನ್ನೊಮ್ಮೆ ಬದಲಾಯಿಸಿ. ಅಲ್ಲಿಯವರೆಗೆ ಊರೊಳಗೇ ಓಡಾಡಿ. ಘಾಟಿ ಆಮೇಲೆ.