ಎಗ್ಸಾಜರೇಟ್ ಅಂದ್ರೆ ಸುಳ್ಳು ಹೇಳೋದಲ್ಲ

ಇಂಗ್ಲಿಷ್ ಕಲಿಯುತ್ತಿರುವವರಿಗೆ ಒಂದು ಸಣ್ಣ ಟಿಪ್. ಎಗ್ಸಾಜರೇಟ್ ಅಂದ್ರೆ ಸುಳ್ಳು ಹೇಳೋದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಒಳಗೆ ಸ್ವಲ್ಪ ನಿಜ ಇರುತ್ತದೆ, ಅದನ್ನು ಉಬ್ಬಿಸಿ ಹೇಳಿದಾಗ ಈ ಪದ ಬರುತ್ತದೆ. ಬಸ್ಸಿಗೆ 10 ನಿಮಿಷ ಕಾದು, ಮನೆಗೆ ಬಂದು ‘2 ಗಂಟೆ ನಿಂತಿದ್ದೆ’ ಅಂದರೆ ಅದು ಎಗ್ಸಾಜರೇಟ್ ಮಾಡಿದ್ದು. ಕಾಯದೇ ಇದ್ದು ಹಾಗೆ ಹೇಳಿದರೆ ಶುದ್ಧ ಸುಳ್ಳು. ಇದರ ಲ್ಯಾಟಿನ್ ಮೂಲಕ್ಕೆ ಗುಡ್ಡೆ ಹಾಕು, ರಾಶಿ ಮಾಡು ಅನ್ನೋ ಅರ್ಥ ಇದೆ. ನಮ್ಮ ‘ಕಡ್ಡಿಯನ್ನು ಗುಡ್ಡ ಮಾಡಬೇಡ’ ನೆನಪಾಗುತ್ತದೆ, ಅಲ್ವಾ?

‘ಓವರ್ ಎಗ್ಸಾಜರೇಟ್’ ಅನ್ನಬೇಡಿ. ನಾನೂ ತುಂಬಾ ದಿನ ಹಾಗೇ ಹೇಳುತ್ತಿದ್ದೆ, ಆದರೆ ‘ಜಾಸ್ತಿ’ ಅನ್ನೋದು ಪದದೊಳಗೇ ಇದೆ, ಮೇಲೆ ಇನ್ನೊಂದು ಯಾಕೆ? ‘ಡೋಂಟ್ ಎಗ್ಸಾಜರೇಟ್’ ಸಾಕು. ಯಾವುದನ್ನು ಉಬ್ಬಿಸಿದರು ಅಂತ ಹೇಳಬೇಕಿದ್ದರೆ ನೇರವಾಗಿ ‘ಹಿ ಎಗ್ಸಾಜರೇಟೆಡ್ ದ ಪ್ರಾಬ್ಲಮ್’ ಅನ್ನಿ, ನಡುವೆ ‘ಅಬೌಟ್’ ಬೇಕಿಲ್ಲ. ಬರೆಯುವಾಗ ‘ಜಿ’ ಎರಡು, ‘ಆರ್’ ಒಂದೇ.

ಆಫೀಸ್ ಮೇಲ್‌ನಲ್ಲಿ ಅಂಕಿ-ಅಂಶ ಹೆಚ್ಚು ಮಾಡಿ ತೋರಿಸಿದ್ದಕ್ಕೆ ‘ಓವರ್‌ಸ್ಟೇಟ್’ ಚೆನ್ನಾಗಿ ಹೊಂದುತ್ತದೆ. ಕಥೆಗೆ ಬಣ್ಣ ಕಟ್ಟಿ, ಇಲ್ಲದ್ದೂ ಸೇರಿಸಿ ಹೇಳಿದರೆ ‘ಎಂಬೆಲಿಶ್’. ಆದರೆ ಮ್ಯಾನೇಜರ್ ಮುಖಕ್ಕೇ ‘ಯು ಆರ್ ಎಗ್ಸಾಜರೇಟಿಂಗ್’ ಅನ್ನೋಕೆ ಹೋಗಬೇಡಿ, ಒರಟಾಗಿ ಕೇಳಿಸುತ್ತದೆ. ‘ಐ ಥಿಂಕ್ ದಟ್ಸ್ ಎ ಬಿಟ್ ಹೈ’ ಅಂದರೆ ಕೆಲಸವೂ ಆಗುತ್ತದೆ, ಜಗಳವೂ ಇಲ್ಲ.